ಮನಸ್ಸಿನ ಬೇನೆಗೂ ಮದ್ದುಂಟು
(ತಂಬೂರಿನಲ್ಲಿ ಕೂಡಿದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ದನಗಳ ಲಸಿಕೆ ಇವುಗಳ ಮಾತು ಕೇಳಿ ರೂಢಿಯಾದ ನಿಮ್ಮೆದುರು ಇಂದು ನಾನು ಬೇರೊಂದು ವಿಷಯ ಎತ್ತುತ್ತಿದ್ದೇನೆ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಾವು ಅದೇ ದಿನ ದನದ ಡಾಕ್ಟರರನ್ನು ಕರೆಯುತ್ತೇವೆ. ಮನೆಯ ಮಗನೇ ಊಟ ನಿದ್ದೆ ಬಿಟ್ಟು, ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದರೆ ಮಾತ್ರ ವರ್ಷಗಟ್ಟಲೆ ಮುಚ್ಚಿಡುತ್ತೇವೆ. ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಒಂದು ಮನೆಯನ್ನು ಕಣ್ಣೆದುರು ತಂದುಕೊಳ್ಳಿರಿ. ಇಪ್ಪತ್ತೆರಡರ ಹುಡುಗ. ಗೋವಿನಜೋಳದ ಹೊಲಕ್ಕೆ ದಿನಾಲು ಹೋಗುತ್ತಿದ್ದವನು. ಮೊದಲು ಗೆಳೆಯರ ಕೂಡ ಬೆರೆಯುವುದನ್ನು ಬಿಟ್ಟ. ರಾತ್ರಿಯೆಲ್ಲ ಎಚ್ಚರವಿರತೊಡಗಿದ. ಜಳಕ ಬೇಡ, ಕೆಲಸ ಬೇಡ ಎಂದ. ಆಮೇಲೆ ಒಂದು ದಿನ "ದಾಯಾದಿಗಳು ಊಟದಲ್ಲಿ ವಿಷ ಹಾಕಿಸಿದ್ದಾರೆ" ಎಂದು ತಾಟು ದೂಡಿದ. ಯಾರೂ ಇಲ್ಲದ ಕಡೆ ನೋಡಿ ಉತ್ತರ ಕೊಡತೊಡಗಿದ. ಮನೆಯವರು ಗಾಳಿ ಸೋಂಕಿದೆ ಎಂದು ತಾಯತ ಕಟ್ಟಿಸಿದರು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಊರೂರು ತಿರುಗಿದರು. ಲಗ್ನ ಮಾಡಿದರೆ ಸರಿಹೋದಾನು ಎಂದರು ಬೀಗರು. ಎರಡು ವರ್ಷ ಕಳೆದವು, ಸಾಲ ಬೆಳೆಯಿತು. ಕೊನೆಗೆ ಕೊಟ್ಟಿಗೆಯ ಕಂಬಕ್ಕೆ ಸರಪಳಿ ಬಂತು. ಇಂಥ ಮನೆ ಯಾವ ಊರಿನಲ್ಲಿಯೂ ಇರಬಹುದು, ಯಾವ ಜಾತಿಯಲ್ಲಿಯೂ ಇರಬಹುದು.

ಈ ಬೇನೆಗೆ ವೈದ್ಯರು ಚಿತ್ತವಿಕಲತೆ ಎನ್ನುತ್ತಾರೆ. ಅದರಲ್ಲಿ ಮುಖ್ಯವಾದ, ಬಹುಕಾಲ ನಿಲ್ಲುವ ಬಗೆಗೆ ಸ್ಕಿಜೋಫ್ರೇನಿಯ ಎಂದು ಹೆಸರು. ಆಯುಷ್ಯದಲ್ಲಿ ಒಮ್ಮೆ ಇದು ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ. ಬಹುಮಟ್ಟಿಗೆ ಹದಿನೈದರಿಂದ ಮೂವತ್ತರ ಪ್ರಾಯದಲ್ಲಿ, ಅಂದರೆ ದುಡಿಯುವ ಕೈಗೇ ಬರುತ್ತದೆ. ಹೆಣ್ಣುಮಕ್ಕಳಿಗೆ ಕೆಲವು ವರ್ಷ ತಡವಾಗಿ ಬರುವುದುಂಟು.

ಇದರ ಚಿಹ್ನೆಗಳನ್ನು ತಿಳಿದುಕೊಳ್ಳಿರಿ. ಮೊದಲನೆಯದು, ಇಲ್ಲದ ಧ್ವನಿ ಕೇಳಿಸುವುದು. ಆ ಧ್ವನಿ ಬೈಯಬಹುದು, ಅಪ್ಪಣೆ ಕೊಡಬಹುದು. ಕೇಳುವವನಿಗೆ ಅದು ನನ್ನ ಈ ಮಾತಿನಷ್ಟೇ ಸ್ಪಷ್ಟ. ಎರಡನೆಯದು, ಬುಡವಿಲ್ಲದ ಗಟ್ಟಿ ನಂಬಿಕೆ. ಕೊಲ್ಲಲು ಬಂದಿದ್ದಾರೆ, ನನ್ನ ವಿಚಾರವನ್ನು ಕದಿಯುತ್ತಿದ್ದಾರೆ, ಟಿ.ವಿ.ಯಲ್ಲಿ ನನ್ನದೇ ಸುದ್ದಿ ಹೇಳುತ್ತಿದ್ದಾರೆ ಎಂಬಂಥದು. ಮೂರನೆಯದು, ಮಾತಿಗೆ ಮಾತು ಕೂಡದಿರುವುದು. ನಾಲ್ಕನೆಯದನ್ನು ನಾವು ಗುರುತಿಸುವುದೇ ಇಲ್ಲ. ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ಭಾವನೆ ಆರುತ್ತದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ ಮೂಲೆ ಹಿಡಿದು ಕೂಡುತ್ತಾರೆ. ಇಂಥವರನ್ನು ನಾವು ಮೈಗಳ್ಳರೆಂದು ಬೈಯುತ್ತೇವೆ. ಅದು ಮೈಗಳ್ಳತನವಲ್ಲ, ಬೇನೆಯ ಭಾಗ.

ಕಾರಣವೇನು? ಮಿದುಳಿನಲ್ಲಿ ಸುದ್ದಿ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕದ ಏರುಪೇರು ಇದರಲ್ಲಿ ಮುಖ್ಯವೆಂದು ಕಂಡುಬಂದಿದೆ. ವಂಶದ ಸಂಬಂಧವೂ ಉಂಟು. ಆದರೆ ತಂದೆಗೋ ತಾಯಿಗೋ ಈ ಬೇನೆ ಇದ್ದರೂ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. ಗಾಂಜಾ ಸೇದುವುದರಿಂದ ಅಪಾಯ ಹೆಚ್ಚುತ್ತದೆ. ಮಾಟ, ಪೂರ್ವಜನ್ಮದ ಪಾಪ, ತಾಯಿ ಬೆಳೆಸಿದ ರೀತಿ ಇವು ಯಾವುವೂ ಕಾರಣವಲ್ಲ. ಬೇನೆ ಅಂಟುವಂಥದೂ ಅಲ್ಲ.

ಇನ್ನೊಂದು ಮಾತು ನೆನಪಿಡಿರಿ. ಜ್ವರದ ತಾಪದಲ್ಲಿ ಬಡಬಡಿಸುವುದು, ಕುಡುಕನು ಕುಡಿತವನ್ನು ಒಮ್ಮೆಲೇ ಬಿಟ್ಟ ಎರಡು ಮೂರು ದಿನಕ್ಕೆ ಹುಳು ಹುಪ್ಪಡಿ ಕಾಣುವುದು, ಬಾಣಂತಿಯು ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು ವಿಪರೀತವಾಗಿ ವರ್ತಿಸುವುದು, ಇವು ತಡೆಯಲಾಗದ ತುರ್ತು. ಇವರನ್ನು ಅದೇ ದಿನ ದವಾಖಾನೆಗೆ ಒಯ್ಯಬೇಕು. ತಡಮಾಡಿದರೆ ಜೀವಕ್ಕೇ ಅಪಾಯ.

ಈಗ ಔಷಧದ ಮಾತು. 1952ರವರೆಗೆ ಈ ಬೇನೆಗೆ ಜಗತ್ತಿನಲ್ಲಿಯೇ ಸರಿಯಾದ ಗುಳಿಗೆ ಇರಲಿಲ್ಲ. ಆ ವರ್ಷ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಕೂಗಾಟ ತುಂಬಿದ ವಾರ್ಡುಗಳು ಶಾಂತವಾದವು. ಇಂದು ರಿಸ್ಪೆರಿಡೋನ್, ಒಲಾಂಜಪಿನ್ ಮುಂತಾದ ಗುಳಿಗೆಗಳು ದೊರೆಯುತ್ತವೆ. ನಿದ್ದೆ, ಸಿಟ್ಟು ಕೆಲವು ದಿನಗಳಲ್ಲಿ ಸುಧಾರಿಸುತ್ತವೆ. ಧ್ವನಿ, ಸಂಶಯ ಇಳಿಯಲು ಕೆಲವು ವಾರ ಬೇಕು. ಗುಳಿಗೆ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿಮದ್ದು ಉಂಟು. ಊಟದಲ್ಲಿ ಕದ್ದು ಬೆರೆಸಬೇಡಿರಿ. ವಿಷ ಹಾಕುತ್ತಾರೆಂದು ಮೊದಲೇ ಹೆದರಿದವನಿಗೆ ಅದು ಗೊತ್ತಾದರೆ ಇದ್ದ ನಂಬಿಕೆಯೂ ಹೋದೀತು.

ಔಷಧದಿಂದ ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಕೈ ನಡುಗಬಹುದು, ಮೈ ಬಿಗಿಯಬಹುದು, ತೂಕಡಿಕೆ ಬರಬಹುದು, ತೂಕ ಮತ್ತು ರಕ್ತದ ಸಕ್ಕರೆ ಏರಬಹುದು. ಇವಕ್ಕೆಲ್ಲ ಉಪಾಯವಿದೆ, ಡಾಕ್ಟರರಿಗೆ ಹೇಳಿರಿ. ನೀವಾಗಿ ನಿಲ್ಲಿಸಬೇಡಿರಿ. ಬೆಳೆ ಹಸಿರಾಯಿತೆಂದು ಅರ್ಧಕ್ಕೆ ನೀರು ಬಿಟ್ಟರೆ ತೆನೆ ಕಟ್ಟೀತೇ? ಮೊದಲ ಸಲ ಬೇನೆ ಬಂದವರೂ ಗುಣವಾದ ಮೇಲೆ ಒಂದೆರಡು ವರ್ಷವಾದರೂ ಗುಳಿಗೆ ಮುಂದುವರಿಸಬೇಕು. ಮರಳಿ ಮರಳಿ ಬಂದವರು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು. ಕೆಲವರು ಪೂರ್ತಿ ಗುಣವಾಗುತ್ತಾರೆ. ಅನೇಕರು ಬೇನೆಯ ಕುರುಹು ಸ್ವಲ್ಪ ಉಳಿದರೂ ದುಡಿದು ಉಣ್ಣುವಂತಾಗುತ್ತಾರೆ. ಕೆಲವರಿಗೆ ಮಾತ್ರ ಬಹುಕಾಲದ ಆರೈಕೆ ಬೇಕು.

ಇದು ಪಟ್ಟಣದವರಿಗೆ ಮಾತ್ರ ಸಾಧ್ಯ ಎನ್ನುವಿರಾ? ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2005ರಿಂದ ಹಳ್ಳಿಹಳ್ಳಿಯ ಇಂಥ ರೋಗಿಗಳನ್ನು ಊರ ಆರೋಗ್ಯ ಕಾರ್ಯಕರ್ತರ ಸಹಾಯದಿಂದ ಹುಡುಕಿ, ಅಲ್ಲಿಯೇ ಉಪಚಾರ ಕೊಟ್ಟರು. ಕ್ರಮವಾಗಿ ಔಷಧ ತೆಗೆದುಕೊಂಡವರ ಅಶಕ್ತತೆ ಇಳಿಯಿತು; ತೋಟ, ಗದ್ದೆ, ಮನೆಗೆಲಸಕ್ಕೆ ಮರಳಿದವರು ಅನೇಕರು. ಅವರೂ ನಮ್ಮಂತೆಯೇ ಒಕ್ಕಲು ಮಕ್ಕಳು.

ನಮಗಂತೂ ಧಾರವಾಡವೇ ಹತ್ತಿರ. "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ನಮ್ಮ ಕಡೆ ಚೇಷ್ಟೆಗೆ ಆಡುವ ಮಾತೊಂದಿದೆ. ಆ ಮಾತಿನಿಂದಲೇ ಎಷ್ಟೋ ಮನೆಯವರು ಅತ್ತ ಹೆಜ್ಜೆ ಇಡಲು ನಾಚುತ್ತಾರೆ. 1845ರಲ್ಲಿ ಆರಂಭವಾದ ಆ ಹಳೆಯ ಹುಚ್ಚರ ಆಸ್ಪತ್ರೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಗಿದೆ. ಬಂದವರನ್ನೆಲ್ಲ ಒಳಗೆ ಇಟ್ಟುಕೊಳ್ಳುತ್ತಾರೆಂದು ಹೆದರಬೇಡಿರಿ. ಹೆಚ್ಚಿನವರು ತೋರಿಸಿಕೊಂಡು, ಗುಳಿಗೆ ತೆಗೆದುಕೊಂಡು ಮನೆಗೆ ಮರಳುತ್ತಾರೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತಿಳಿಯಿರಿ. ಮನೆಯಿಂದಲೇ ಕೇಳಬೇಕಾದರೆ 14416 ಎಂಬ ಸಂಖ್ಯೆಗೆ ಫೋನು ಮಾಡಿರಿ. ಟೆಲಿಮಾನಸ್ ಎಂಬ ಈ ಸರಕಾರಿ ಸೇವೆ 2022ರಲ್ಲಿ ಆರಂಭವಾಗಿದೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಸರಪಳಿಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಇಂಥ ರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ 28 ಜನ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಯಾವ ರೋಗಿಯನ್ನೂ ಸರಪಳಿಯಿಂದ ಕಟ್ಟಕೂಡದು ಎಂದು ನಿಷೇಧಿಸಿದೆ. ಕಟ್ಟಿದವರ ಮನಸ್ಸು ಕಲ್ಲೆಂದು ನಾನು ಹೇಳಲಾರೆ. ಬೇರೆ ದಾರಿ ಕಾಣದೆ ಅಳುತ್ತ ಕಟ್ಟಿದ ತಾಯಂದಿರುಂಟು. ಈಗ ದಾರಿ ಇದೆ ಎಂದು ತಿಳಿಸುವುದಕ್ಕೇ ಬಂದಿದ್ದೇನೆ.

ಮನೆಯಲ್ಲಿ ಏನು ಮಾಡಬೇಕು? ಅವರ ಭ್ರಮೆಯ ಮಾತಿಗೆ ವಾದಿಸಬೇಡಿರಿ, ಹೌದೂ ಎನ್ನಬೇಡಿರಿ. "ನನಗೆ ಆ ಧ್ವನಿ ಕೇಳಿಸದು, ಆದರೆ ನಿನಗೆ ತ್ರಾಸು ಆಗುತ್ತಿದೆ ಎಂಬುದು ತಿಳಿಯುತ್ತದೆ" ಎಂದರೆ ಸಾಕು. ಬೈಗಳು, ಹಂಗಿಸುವಿಕೆ ಹೆಚ್ಚಿದ ಮನೆಯಲ್ಲಿ ಬೇನೆ ಬೇಗ ಮರುಕಳಿಸುತ್ತದೆ. ದನಕ್ಕೆ ನೀರು ತೋರಿಸುವುದು, ತೆನೆ ಸುಲಿಯುವುದು ಮುಂತಾದ ಸಣ್ಣ ಕೆಲಸದಿಂದ ಆರಂಭಿಸಿರಿ. ಬೇನೆ ಮುಚ್ಚಿಟ್ಟು ಲಗ್ನ ಮಾಡಬೇಡಿರಿ. ಅದರಿಂದ ಎರಡು ಮನೆ ನೊಂದಾವು. ಈ ಬೇನೆಯವರಲ್ಲಿ ಜೀವ ಕಳೆದುಕೊಳ್ಳುವವರೂ ಉಂಟು. ಆದ್ದರಿಂದ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಕೀಲಿ ಹಾಕಿ ಇಡಿರಿ. "ಬದುಕು ಸಾಕಾಯಿತು" ಎಂದು ಅವರು ಅಂದರೆ ಹಗುರಾಗಿ ಎಣಿಸದೆ ಅಂದೇ ಡಾಕ್ಟರರ ಬಳಿಗೆ ಕರೆದೊಯ್ಯಿರಿ.

ದೇವರಿಗೆ ನಡೆದುಕೊಳ್ಳುವುದು ಬೇಡವೆಂದು ನಾನು ಹೇಳುವುದಿಲ್ಲ. ತಂಬೂರ ಬಸವಣ್ಣನಿಗೆ ಕಾಯಿ ಒಡೆಸಿರಿ, ಅಂಗಾರ ಹಚ್ಚಿರಿ. ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ಕೊಡಿರಿ.

ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಓಣಿಯಲ್ಲಿ ಬಾಗಿಲು ಮುಚ್ಚಿದ ಮನೆಯೊಂದಿದೆಯೇ ಎಂದು ನೆನೆಯಿರಿ. ಇದ್ದರೆ ನಾಳೆ ಹೋಗಿ, "ದವಾಖಾನೆಗೆ ಹೋಗೋಣ ನಡೆಯಿರಿ, ನಾನೂ ಬರುತ್ತೇನೆ" ಎನ್ನಿರಿ.