ಅಮೃತಾಪುರದಿಂದ ಲಕ್ಕವಳ್ಳಿಗೆ



ಪ್ರವಾಸವೆಂದೊಡನೆ ನಿಮ್ಮಲ್ಲಿ ಬಹುಮಂದಿ ಬೇಲೂರು, ಹಳೇಬೀಡು ಎನ್ನುತ್ತೀರಿ. ಈ ಸಲ ತರೀಕೆರೆಯಲ್ಲಿ ಇಳಿಯಿರಿ. ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಅಮೃತಾಪುರವಿದೆ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ ಅಲ್ಲಿದೆ. ಮಂಟಪದ ಹೊರಗೋಡೆಯಲ್ಲಿ ಕಥೆ ಹೇಳುವ 140 ಫಲಕಗಳು. ಅವುಗಳಲ್ಲಿ ರಾಮಾಯಣದವೇ 70. ರಾಮಾಯಣವನ್ನು ಇಲ್ಲಿ ಅಪ್ರದಕ್ಷಿಣೆಯಾಗಿ ನಡೆಯುತ್ತಾ ಓದಬೇಕು. ಜನ್ನ ಕವಿಯ ಪದ್ಯಗಳಿರುವ ಶಾಸನವನ್ನೂ ಮರೆಯದೆ ನೋಡಿ.

ಅಲ್ಲಿಂದ ಲಿಂಗದಹಳ್ಳಿಯ ಮೂಲಕ ಬೆಟ್ಟ ಹತ್ತಿ. ದಾರಿಯಲ್ಲಿ ಕಲ್ಲತ್ತಿಗಿರಿಯ ಜಲಪಾತ, ಅದರ ಬುಡದಲ್ಲೇ ವೀರಭದ್ರನ ಗುಡಿ. ಮೇಲೆ ಕೆಮ್ಮಣ್ಣುಗುಂಡಿ, ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಊರು. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದುದು ಈ ಗುಡ್ಡಗಳಿಂದಲೇ. ಹೆಬ್ಬೆ ಜಲಪಾತ 168 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಬೀಳುತ್ತದೆ. ಕೊನೆಯ ದಾರಿಗೆ ಜೀಪೇ ಬೇಕು. ಬೆಳಗಿನ ಹೊತ್ತು ಇಂಥ ತೊರೆಗಳ ಬಳಿ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದಂತೆ ಕೇಳಿದರೆ ಹುಡುಗನನ್ನು ಹುಡುಕಬೇಡಿ. ಅದು ಮಲಬಾರ್ ಸಿಳ್ಳಾರ, ಕಡುನೀಲಿ ಹಕ್ಕಿ. ಇಂಗ್ಲಿಷರು ಇದಕ್ಕೆ ‘ಸಿಳ್ಳೆ ಹಾಕುವ ಶಾಲಾ ಬಾಲಕ’ ಎಂದೇ ಹೆಸರಿಟ್ಟಿದ್ದರು.

ಇಲ್ಲಿ ಒಮ್ಮೆ ಭೂಪಟ ಬಿಡಿಸಿ. ಬಾಬಾಬುಡನ್‌ಗಿರಿ ಶ್ರೇಣಿಯ ಪಶ್ಚಿಮಕ್ಕೆ ಇಳಿದ ಮಳೆನೀರು ಭದ್ರೆಗೆ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಅಯ್ಯನಕೆರೆ ತುಂಬಿ, ವೇದಾವತಿಯಾಗಿ ಬಯಲುಸೀಮೆಗೆ ಹೋಗುತ್ತದೆ. ಒಂದೇ ಬೆಟ್ಟದಲ್ಲಿ ಅಗಲಿದ ಇವೆರಡೂ ಬಹುದೂರ ಸುತ್ತಿ ತುಂಗಭದ್ರೆಯಲ್ಲಿ ಮತ್ತೆ ಕೂಡುತ್ತವೆ.

ಈಗ ಲಕ್ಕವಳ್ಳಿಗೆ ಬನ್ನಿ. ಭದ್ರಾ ಜಲಾಶಯ ತುಂಬಿದಾಗ 186 ಅಡಿ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿತು, ಗುಡ್ಡದ ನೆತ್ತಿಗಳು ದ್ವೀಪಗಳಾದವು. ಬೇಸಿಗೆಯಲ್ಲಿ ನಾಲೆಗಳಿಗೆ ನೀರು ಹರಿದು ಮಟ್ಟ ಇಳಿದಂತೆ ದ್ವೀಪಗಳ ಅಂಚಿನಲ್ಲಿ ಬೋಳು ನೆಲ ಮೇಲೇಳುತ್ತದೆ. ಆಗ ಸಾವಿರಗಟ್ಟಲೆ ನದಿ ರೀವಗಳು ಬಂದಿಳಿಯುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ರಿವರ್ ಟರ್ನ್ ಎಂದರೆ ಇದೇ.

ಈ ಹಕ್ಕಿಗೆ ಗೂಡು ಕಟ್ಟುವ ಗೊಡವೆಯಿಲ್ಲ. ನೆಲದಲ್ಲೊಂದು ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಅಷ್ಟೇ. ಮೊಟ್ಟೆಯ ಬಣ್ಣ, ಚುಕ್ಕೆಗಳು ಸುತ್ತಲಿನ ಜಲ್ಲಿಯಂತೆಯೇ ಇರುವುದರಿಂದ ಕಾಲಡಿಗೆ ಬಂದರೂ ಕಾಣದು. ಮರಳಿನ ದಿಣ್ಣೆಗಳಲ್ಲಿ ಸಂಸಾರ ಹೂಡುತ್ತಿದ್ದ ಹಕ್ಕಿ ಇದು. ನದಿಗಳಲ್ಲಿ ಅಂಥ ದಿಣ್ಣೆಗಳೇ ಕಡಿಮೆಯಾಗುತ್ತಿವೆ. 2020ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತು. ನದಿಗಳಿಗೆ ಕಂಟಕವಾದ ಅಣೆಕಟ್ಟೇ ಇಲ್ಲಿ ಆಶ್ರಯ ಕೊಟ್ಟಿದೆ; ಇದನ್ನು ಒಳ್ಳೆಯದೆನ್ನಬೇಕೋ ಕೆಟ್ಟದ್ದೆನ್ನಬೇಕೋ, ನೀವೇ ಚರ್ಚಿಸಿ.

ತಾಯಿ ತಂದೆ ಸರದಿಯಲ್ಲಿ ಕೂರುವುದು ಮೊಟ್ಟೆಗೆ ಕಾವು ಕೊಡಲು ಎಂದು ಪಠ್ಯಪುಸ್ತಕ ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನ ಮಾತ್ರ ವಿಷಯ ಬೇರೆ. ಆಗ ಅವು ಕೂರುವುದು ನೆರಳು ಕೊಡಲು. ದೋಣಿ ತೀರ ಹತ್ತಿರ ಹೋದರೆ ಹಿಂಡೆಲ್ಲ ಗಲಭೆಯೆಬ್ಬಿಸಿ ಮೇಲೇಳುತ್ತದೆ. ನಿಮಗದು ಸೊಗಸಾದ ದೃಶ್ಯ. ಆದರೆ ಬಿಸಿಲಿಗೆ ಬಿದ್ದ ಮೊಟ್ಟೆಯೊಳಗಿನ ಜೀವ ಬೇಯತೊಡಗುತ್ತದೆ, ಕಾಗೆ ಹದ್ದುಗಳಿಗೆ ದಾರಿ ತೆರೆಯುತ್ತದೆ. ಹತ್ತಿರದ ಚಿತ್ರ ಬೇಕೆಂಬುದು ನಮ್ಮ ಟೆಲಿವಿಷನ್ ಮಂದಿಯ ಹಳೆಯ ಚಾಳಿ. ಇಲ್ಲಿ ದೂರದ ಲೆನ್ಸೇ ಸರಿ. ನಿಮಗೆ ಒಂದು ಬೈನಾಕ್ಯುಲರ್, ಒಂದು ನೋಟ್‌ಪುಸ್ತಕ ಸಾಕು. ದೋಣಿಯವನಿಗೆ ‘ಇನ್ನೂ ಹತ್ತಿರ’ ಎನ್ನದಿದ್ದರೆ ಆಯಿತು.

ಸುಮಾರು ಮೂರು ವಾರಕ್ಕೆ ಮರಿ ಹೊರಬರುತ್ತದೆ. ರೆಕ್ಕೆ ಬಲಿಯಲು ಇನ್ನಷ್ಟು ವಾರ. ಅಷ್ಟರಲ್ಲಿ ಜೂನ್ ಬಂದಿರುತ್ತದೆ, ಹೆಬ್ಬೆಯ ಮೇಲೆ ಮೋಡ ಕವಿದಿರುತ್ತದೆ. ಬೆಟ್ಟದ ಹಳ್ಳಗಳೆಲ್ಲ ಕೆಂಪಾಗಿ ಜಲಾಶಯಕ್ಕೆ ಇಳಿದಾಗ ಬೋಳು ನೆಲ ಅಂಗುಲ ಅಂಗುಲವಾಗಿ ಮುಳುಗುತ್ತದೆ. ತಡವಾಗಿ ಇಟ್ಟ ಮೊಟ್ಟೆಗಳ ಮರಿಗಳು ಅಷ್ಟರೊಳಗೆ ಹಾರಲು ಕಲಿತಿರಬೇಕು.