ವಿಶ್ವವಿಚಾರದಲ್ಲಿ ನಂಬುಗೆ ಮತ್ತು ಸಂಶಯ
(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಆಕಾಶವನ್ನು ಅಳೆಯುವ ವಿಜ್ಞಾನಿಗಳಿಗೆ ನಂಬುಗೆಯೆಂಬುದು ಉಂಟೋ ಇಲ್ಲವೋ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿದವನು, ವೇಧಶಾಲೆಯಲ್ಲಿ ಕೆಲಸಮಾಡಿದವನಲ್ಲ. ಆದರೂ ತರ್ಕವನ್ನೋದಿದವನಿಗೆ ಈ ವಿಷಯದೊಳಗೆ ಕಾಲಿಡಲು ಸ್ವಲ್ಪ ಎಡೆಯುಂಟೆಂದು ತೋರಿ ಒಪ್ಪಿಕೊಂಡೆನು.

ನಮ್ಮವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರಲ್ಲಿ ಕೆಲವರು, “ವಿಜ್ಞಾನವು ನಿನ್ನೆ ಬರೆದುದನ್ನು ಇಂದು ಅಳಿಸುತ್ತದೆ, ಅದನ್ನು ನೆಚ್ಚುವುದೆಂತು?” ಎನ್ನುವರು. ನಿಲಯದ ತರುಣರು, “ಅಲ್ಲಿ ನಂಬುಗೆಗೆ ಸ್ಥಾನವೇ ಇಲ್ಲ, ಇರುವುದೆಲ್ಲ ಕಣ್ಣಾರೆ ಕಂಡದ್ದು” ಎನ್ನುವರು. ಎರಡೂ ಅರೆಮಾತುಗಳು. ಇದನ್ನು ತಿಳಿಯಲು ಒಬ್ಬನೇ ಮನುಷ್ಯನ ವೃತ್ತಾಂತವು ಸಾಕು.

ಆತನು ಫ್ರಾನ್ಸ್ ದೇಶದ ಗಣಿತಜ್ಞನಾದ ಲವೆರಿಯೆ. ೧೭೮೧ರಲ್ಲಿ ಹರ್ಷೆಲನು ಯುರೇನಸ್ ಗ್ರಹವನ್ನು ಕಂಡುಹಿಡಿದ ತರುವಾಯ, ನ್ಯೂಟನ್ನನ ಆಕರ್ಷಣನಿಯಮದಂತೆ ಅದರ ಗತಿಯನ್ನು ಲೆಕ್ಕಹಾಕಿ ಕೋಷ್ಟಕಗಳನ್ನು ಬರೆದರು. ಗ್ರಹವು ಕೋಷ್ಟಕದಂತೆ ನಡೆಯಲಿಲ್ಲ. ಆಗ ಎರಡು ದಾರಿಗಳಿದ್ದುವು: ನಿಯಮವೇ ತಪ್ಪೆನ್ನಬೇಕು, ಇಲ್ಲವೆ ಕಾಣದ ವಸ್ತುವೊಂದು ಗ್ರಹವನ್ನು ಸೆಳೆಯುತ್ತಿದೆಯೆನ್ನಬೇಕು. ಲವೆರಿಯೆಯು ನಿಯಮವನ್ನು ನಂಬಿದನು. ಕಾಣದ ಗ್ರಹವು ಆಕಾಶದ ಯಾವ ಎಡೆಯಲ್ಲಿರಬೇಕೆಂದು ಗುಣಿಸಿ ಬರ್ಲಿನ್ ವೇಧಶಾಲೆಯ ಗಾಲೆಗೆ ಪತ್ರ ಬರೆದನು. ೧೮೪೬ನೆಯ ಸಪ್ಟೆಂಬರ್ ೨೩ರಂದು ಪತ್ರವು ತಲಪಿತು. ಅದೇ ರಾತ್ರಿ, ಹೇಳಿದ ಎಡೆಯಿಂದ ಒಂದು ಅಂಶದೊಳಗೆ, ನೆಪ್ಚೂನ್ ಗ್ರಹವು ದೊರೆಯಿತು.

ಇಂಗ್ಲೆಂಡಿನಲ್ಲಿ ಆಡಮ್ಸನೂ ಇಂಥದೇ ಲೆಕ್ಕವನ್ನು ಮಾಡಿದ್ದನು. ಅಲ್ಲಿಯ ಚಾಲಿಸ್ ಎಂಬ ಖಗೋಲಜ್ಞನು ಆಗಸ್ಟ್ ತಿಂಗಳಿನಲ್ಲಿಯೇ ಆ ಗ್ರಹವನ್ನು ಎರಡು ಸಲ ನೋಡಿ ಬರೆದಿಟ್ಟುಕೊಂಡಿದ್ದನು. ಆದರೆ ಅದು ಗ್ರಹವೆಂದು ಗುರುತಿಸಲಿಲ್ಲ. ಕಣ್ಣಾರೆ ಕಂಡುದೇ ಸತ್ಯವೆನ್ನುವ ತರುಣರು ಇದನ್ನು ಯೋಚಿಸಬೇಕು. ಕಂಡವನಿಗೆ ದಕ್ಕಲಿಲ್ಲ, ಯಂತ್ರದ ಹತ್ತಿರ ಸುಳಿಯದೆ ಕಾಗದದ ಮೇಲೆ ಗುಣಿಸಿದವನಿಗೆ ಕೀರ್ತಿ ಬಂದಿತು.

ಮೀಮಾಂಸಕರು ಇದನ್ನು ಅರ್ಥಾಪತ್ತಿಯೆನ್ನುವರು. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದಕಾರಣ ರಾತ್ರಿ ಉಣ್ಣುತ್ತಿರಬೇಕು. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪದೆ ಅನುಮಾನದಲ್ಲಿಯೇ ಅಡಕಮಾಡುವರು. ಆ ಜಗಳ ಇಲ್ಲಿ ಬೇಡ. ಅನುಮಾನವೆಂಬ ಶಬ್ದವು ಮಾತ್ರ ಸ್ವಾರಸ್ಯವುಳ್ಳದ್ದು. ಶಾಸ್ತ್ರದಲ್ಲಿ ಅದು ಹೊಗೆಯಿಂದ ಬೆಂಕಿಯನ್ನರಿಯುವ ಪ್ರಮಾಣ. ನಮ್ಮ ಮನೆಮಾತಿನಲ್ಲಿ ಸಂಶಯ. ಒಂದೇ ಶಬ್ದದಲ್ಲಿ ನಿಶ್ಚಯವೂ ಅನಿಶ್ಚಯವೂ ಕೂಡಿಕೊಂಡಿವೆ. ಲವೆರಿಯೆಯ ಮುಂದಿನ ಕಥೆಯು ಈ ಎರಡನೆಯ ಅರ್ಥಕ್ಕೆ ಸೇರಿದ್ದು.

ಬುಧಗ್ರಹವು ಸೂರ್ಯನಿಗೆ ಅತ್ಯಂತ ಸಮೀಪವಾಗುವ ಬಿಂದುವು ಮೆಲ್ಲಮೆಲ್ಲನೆ ಸರಿಯುತ್ತದೆ. ಇತರ ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ ಸ್ವಲ್ಪ ಸರಿತವು ಉಳಿಯುತ್ತದೆಂದು ಆತನು ೧೮೫೯ರಲ್ಲಿ ಪ್ರಕಟಿಸಿದನು. ಇಂದಿನ ಲೆಕ್ಕದಲ್ಲಿ ಆ ಉಳಿಕೆಯು ಶತಮಾನಕ್ಕೆ ೪೩ ವಿಕಲೆ. ಇದು ಒಂದು ಅಂಶವಾಗಬೇಕಾದರೆ ೮,೩೦೦ ವರ್ಷಗಳಿಗೂ ಹೆಚ್ಚು ಬೇಕು. ಅಷ್ಟು ಸಣ್ಣದನ್ನೂ ಆ ಮಹಾನುಭಾವನು ಕಡೆಗಣಿಸಲಿಲ್ಲ. ಮೊದಲಿನ ಉಪಾಯವನ್ನೇ ಹಿಡಿದು, ಬುಧನ ಕಕ್ಷೆಗೂ ಸೂರ್ಯನಿಗೂ ನಡುವೆ ಕಾಣದ ವಸ್ತು ಇರಬೇಕೆಂದನು. ಹಳ್ಳಿಯ ವೈದ್ಯನಾದ ಲೆಸ್ಕಾರ್ಬೊ ಎಂಬಾತನು, ಸೂರ್ಯಬಿಂಬವನ್ನು ಕರಿಯ ಚುಕ್ಕೆಯೊಂದು ದಾಟಿದುದನ್ನು ಕಂಡೆನೆಂದು ಬರೆದನು. ಲವೆರಿಯೆಯು ಅವನ ಮನೆಗೇ ಹೋಗಿ ವಿಚಾರಿಸಿ ನಂಬಿದನು. ಹೊಸ ಗ್ರಹಕ್ಕೆ ವಲ್ಕನ್ ಎಂದು ಹೆಸರಾಯಿತು.

ಹೆಸರಾಯಿತು, ಗ್ರಹ ಮಾತ್ರ ಮತ್ತೆ ಸಿಕ್ಕಲಿಲ್ಲ. ೧೮೭೮ರ ಗ್ರಹಣದಲ್ಲಿ ಅಮೆರಿಕದ ಇಬ್ಬರು ಕಂಡೆವೆಂದರು, ಉಳಿದವರು ಕಾಣೆವೆಂದರು. ಆ ವೇಳೆಗೆ ಲವೆರಿಯೆಯು ತೀರಿಕೊಂಡಿದ್ದನು. ೧೮೭೭ನೆಯ ಸಪ್ಟೆಂಬರ್ ೨೩ರಂದು, ನೆಪ್ಚೂನ್ ದೊರೆತ ತಾರೀಖಿನಂದೇ, ವಲ್ಕನ್ನನ್ನು ನಂಬಿಕೊಂಡೇ ಆತನು ಕಣ್ಣುಮುಚ್ಚಿದನು. ೧೯೧೫ನೆಯ ನವೆಂಬರಿನಲ್ಲಿ ಐನ್‌ಸ್ಟೈನನು ಆಕರ್ಷಣದ ಹೊಸ ಸಿದ್ಧಾಂತದಿಂದ, ಯಾವ ಹೊಸ ಗ್ರಹವನ್ನೂ ಕಲ್ಪಿಸದೆ, ಆ ೪೩ ವಿಕಲೆಗಳನ್ನು ಹೊರಡಿಸಿ ತೋರಿಸಿದನು.

ಒಂದೇ ನಿಯಮ, ಒಂದೇ ಉಪಾಯ, ನಂಬಿದವನೂ ಒಬ್ಬನೇ. ಒಂದು ಕಡೆ ಗ್ರಹ ದೊರೆಯಿತು, ಇನ್ನೊಂದು ಕಡೆ ಶೂನ್ಯ. ಏತಕ್ಕೆ? ತರ್ಕದ ಮಕ್ಕಳಿಗೆ ಉಪಾಧಿಯ ಪಾಠ ನೆನಪಿರಬಹುದು. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆಯೆಂದರೆ, ಕಾದ ಕಬ್ಬಿಣದ ಗುಂಡಿನಲ್ಲಿ ಅದು ಕೆಡುತ್ತದೆ. ಹಸಿಯ ಕಟ್ಟಿಗೆಯೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಅಡಿಗೆಮನೆಯಲ್ಲಿ ಎಷ್ಟು ಸಲ ನೋಡಿದರೂ ಈ ಉಪಾಧಿಯು ಹೊಳೆಯಲಾರದು, ಏಕೆಂದರೆ ಅಲ್ಲಿ ಕಟ್ಟಿಗೆ ಇದ್ದೇ ಇರುತ್ತದೆ. ನ್ಯೂಟನ್ನನ ನಿಯಮಕ್ಕೂ ಇಂಥ ಉಪಾಧಿಯಿತ್ತು: ಸೆಳೆತವು ಮಂದವಾಗಿರಬೇಕು, ವೇಗವು ಬೆಳಕಿನ ವೇಗಕ್ಕಿಂತ ಬಹಳ ಕಡಿಮೆಯಿರಬೇಕು. ದೂರದ ಯುರೇನಸಿಗೆ ಅದು ಸಲ್ಲುತ್ತದೆ. ಸೂರ್ಯನ ಮಗ್ಗುಲಿನ ಬುಧನಲ್ಲಿ ಎಳ್ಳಿನಷ್ಟು ತಪ್ಪುತ್ತದೆ. ಆ ಎಳ್ಳೇ ೪೩ ವಿಕಲೆ. ಗಟ್ಟಿಯಾಗಿ ನಂಬಿದ ಮಾತ್ರಕ್ಕೆ ಉಪಾಧಿಯು ತಿಳಿಯದು; ಎಲ್ಲವನ್ನೂ ಶಂಕಿಸಿದರೂ ತಿಳಿಯದು. ಇಂಥ ಕಡೆ ನೋಡಿರಿ, ಇಲ್ಲದಿದ್ದರೆ ನನ್ನ ಮಾತು ಸುಳ್ಳೆಂದು ಎಡೆಯನ್ನು ಗೊತ್ತುಮಾಡಿ ಹೇಳುವವನ ನಂಬುಗೆಯಿಂದ ಮಾತ್ರ ಅದು ಹೊರಬೀಳುತ್ತದೆ. ೧೮೪೬ರಲ್ಲಿ ಲವೆರಿಯೆಯು ಹಾಗೆ ಹೇಳಿದನು. ವಲ್ಕನ್ನಿನ ವಿಷಯದಲ್ಲಿಯೋ, ನೋಡಿದ ಕಡೆ ಕಾಣದಾಗ ಎಡೆಯೂ ಕಾಲವೂ ಬದಲಾಗುತ್ತಿದ್ದುವು.

ನಮ್ಮ ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಅದರ ಮೇಲೆ ಪ್ರಸಾದಿಗೆ ಅವಧಾನವನ್ನು ಹೇಳಿದೆ. ಇದೇ ವಿಜ್ಞಾನವೆಂದು ನಾನು ಸಾಧಿಸಹೊರಟಿಲ್ಲ. ಅಂಥ ಸಾಧನೆಗಳು ಈಚೆಗೆ ಅತಿಯಾಗಿವೆ, ಅವು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಆದರೆ ಆತನ ಕಡೆಯ ವರ್ಷಗಳನ್ನೋದುವಾಗ, ನಿಷ್ಠೆಯಿದ್ದು ಅವಧಾನವು ಸಡಿಲವಾಯಿತೆಂದು ನನಗನಿಸಿತು.

ಇದು ಮುಗಿದ ಕಥೆಯೆಂದು ತಿಳಿಯಬಾರದು. ೧೯೩೩ರಲ್ಲಿ ಜ್ವಿಕಿ ಎಂಬಾತನು ನಕ್ಷತ್ರಮಂಡಲಗಳ ಒಂದು ಗುಂಪನ್ನು ಪರೀಕ್ಷಿಸಿ, ಅವುಗಳ ವೇಗವನ್ನು ತಡೆದು ಹಿಡಿಯಲು ಕಾಣುವ ದ್ರವ್ಯವು ಸಾಲದೆಂದನು. ೧೯೭೦ರ ದಶಕದಲ್ಲಿ ವೆರಾ ರೂಬಿನ್ ಎಂಬ ವಿದುಷಿಯು, ನಕ್ಷತ್ರಮಂಡಲಗಳ ಅಂಚಿನ ಭಾಗವೂ ವೇಗ ತಗ್ಗದೆ ಸುತ್ತುವುದನ್ನು ಅಳೆದು ತೋರಿಸಿದಳು. ಈಗಿನ ಗಣನೆಯಲ್ಲಿ ನಾವು ಬಲ್ಲ ದ್ರವ್ಯವು ವಿಶ್ವದ ನೂರರಲ್ಲಿ ಸುಮಾರು ೫ ಪಾಲು ಮಾತ್ರ. ಕಾಣದ ಕೃಷ್ಣದ್ರವ್ಯವು ೨೭ರಷ್ಟು. ಉಳಿದುದು ಇನ್ನೂ ಗೂಢವಾದ ಶಕ್ತಿ. ೧೯೮೩ರಲ್ಲಿ ಮಿಲ್‌ಗ್ರೋಮನು, ಕೃಷ್ಣದ್ರವ್ಯವೇ ಬೇಡ, ನಿಯಮವನ್ನೇ ತಿದ್ದಬೇಕೆಂದನು. ಮತ್ತೆ ಅದೇ ಕವಲುದಾರಿ! ವಿದ್ವಾಂಸರಲ್ಲಿ ಬಹುಮಂದಿ ಕೃಷ್ಣದ್ರವ್ಯದ ಪಕ್ಷ. ಬೇರೆ ಬೇರೆ ಕಡೆಯ ಸಾಕ್ಷ್ಯಗಳು ಒಂದೇ ಲೆಕ್ಕಕ್ಕೆ ಬರುವುದರಿಂದ ಆ ಪಕ್ಷವೇ ಬಲವಾಗಿ ಕಾಣುತ್ತದೆ. ಆದರೂ ಇದು ನೆಪ್ಚೂನೋ ವಲ್ಕನ್ನೋ ಎಂದು ಯಾರೂ ಆಣೆಯಿಟ್ಟು ಹೇಳಲಾರರು.

ಆ ದ್ರವ್ಯದ ಕಣವನ್ನು ಹಿಡಿಯಲೆಂದು ನೆಲದಾಳದ ಗಣಿಗಳಲ್ಲಿಯೂ ಬೆಟ್ಟಗಳ ಒಡಲಿನಲ್ಲಿಯೂ ಯಂತ್ರಗಳನ್ನಿರಿಸಿ ಕಾಯುತ್ತಿದ್ದಾರೆ. ಈ ಕಾಯುವಿಕೆಯು ನಮ್ಮ ನಾಡಿಗೆ ಹೊಸದಲ್ಲ. ಶಕ್ತಿಯು ನಾಶವಾಗದೆಂಬ ನಿಯಮವನ್ನು ನಂಬಿ ಪೌಲಿಯು ೧೯೩೦ರಲ್ಲಿ ಕಲ್ಪಿಸಿದ ಕಾಣದ ಕಣವು ೨೬ ವರ್ಷಗಳ ತರುವಾಯ ಸಿಕ್ಕಿತು. ನ್ಯೂಟ್ರಿನೊ ಎಂಬ ಅದೇ ಕಣವು ವಾಯುಮಂಡಲದಲ್ಲಿ ಹುಟ್ಟಿ ಬರುವುದರ ಗುರುತು ೧೯೬೫ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ದೊರೆಯಿತು. ಕೃಷ್ಣದ್ರವ್ಯಕ್ಕಾಗಿ ಕಾಯುತ್ತಿರುವವರಿಗೆ ಇದುವರೆಗೆ ಒಂದು ಕಣವೂ ನಿಸ್ಸಂದೇಹವಾಗಿ ದೊರೆತಿಲ್ಲ. ಅವರು ಯಂತ್ರಗಳನ್ನು ಇನ್ನೂ ದೊಡ್ಡದು ಮಾಡುತ್ತಿದ್ದಾರೆ.