ಮೂರು ಯಂತ್ರ, ಒಂದು ಡಿಸ್ಕು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಕ್ಕನೋ ಅಣ್ಣನೋ ಮೊಬೈಲ್ ಹಿಡಿದು ಕೂತದ್ದನ್ನು ನೋಡಿದ್ದೀರಲ್ಲ? ನೋಂದಣಿ ಸಂಖ್ಯೆ ಒತ್ತಿದರೆ ಎಲ್ಲೋ ಇರುವ ಒಂದು ಕಂಪ್ಯೂಟರ್ ಅಂಕಪಟ್ಟಿ ಹುಡುಕಿ ಕಳಿಸುತ್ತದೆ. ಹೀಗೆ ಕೇಳಿದವರಿಗೆಲ್ಲ ಉತ್ತರ ಕೊಡುವುದೇ ಕೆಲಸವಾಗಿರುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ.

ಸರಿಯಾಗಿ ಅವತ್ತೇ ಆ ಸರ್ವರ್ ಕೆಟ್ಟು ಕೂತರೆ ಏನು ಗತಿ? ಅದಕ್ಕೇ ದೊಡ್ಡ ಕೆಲಸಕ್ಕೆ ಯಾರೂ ಒಂದೇ ಸರ್ವರನ್ನು ನೆಚ್ಚಿಕೊಳ್ಳುವುದಿಲ್ಲ. ಎರಡು ಮೂರು ಸರ್ವರುಗಳನ್ನು ಸೇರಿಸಿ ಗುಂಪು ಕಟ್ಟುತ್ತಾರೆ. ಒಂದು ಮಲಗಿದರೆ ಇನ್ನೊಂದು ಕೆಲಸ ಹಿಡಿಯಬೇಕು. ಈ ಗುಂಪಿಗೆ ಕ್ಲಸ್ಟರ್ ಎಂದು ಹೆಸರು.

ಕೆಲಸ ಹಿಡಿಯುವ ಸರ್ವರಿಗೆ ಅಂಕಗಳೆಲ್ಲ ಸಿಗಬೇಕಲ್ಲ? ಅದಕ್ಕಾಗಿ ಅವನ್ನು ಯಾವುದೋ ಒಂದರ ಹೊಟ್ಟೆಯೊಳಗೆ ಇಡದೆ, ಎಲ್ಲಕ್ಕೂ ಎಟುಕುವ ಒಂದು ಡಿಸ್ಕಿನಲ್ಲಿ ಇಡುವುದುಂಟು. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್ 1983ರಲ್ಲೇ ವ್ಯಾಕ್ಸ್‌ಕ್ಲಸ್ಟರ್ ಎಂಬ ಹೆಸರಿನಲ್ಲಿ ಇಂಥದ್ದನ್ನು ಘೋಷಿಸಿತ್ತು. ಆಗ ಅದಕ್ಕೆ ದೊಡ್ಡ ದೊಡ್ಡ ಯಂತ್ರಗಳೇ ಬೇಕಿದ್ದವು. ನಾವು ಮೇಜಿನ ಮೇಲಿನ ಒಂದೇ ಕಂಪ್ಯೂಟರಿನಲ್ಲಿ ಮಾಡಿ ನೋಡೋಣ.

ಒಂದರಲ್ಲಿ ಮೂರು ಹೇಗೆ ಹಿಡಿಸುತ್ತವೆ ಅನ್ನುತ್ತೀರಾ? ಉದ್ದನೆಯ ಹಾಲಿಗೆ ತಟ್ಟಿ ಅಡ್ಡ ಇಟ್ಟು ಮೂರು ತರಗತಿ ನಡೆಸುವ ಶಾಲೆಯೊಂದನ್ನು ಕಲ್ಪಿಸಿಕೊಳ್ಳಿ. ಗೋಡೆ, ಸೂರು, ಕರೆಂಟು ಎಲ್ಲ ಒಂದೇ. ಆದರೂ ಪ್ರತಿ ತರಗತಿಗೂ ತನ್ನದೇ ಕೋಣೆ ಇದ್ದ ಹಾಗೆ. ಕಂಪ್ಯೂಟರಿನೊಳಗೆ ಇಂಥ ತಟ್ಟಿ ಕಟ್ಟಿಕೊಡುವ ತಂತ್ರಾಂಶಗಳಿವೆ. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಅಂಥದ್ದೊಂದು. ಅದರೊಳಗಿನ ಒಂದೊಂದು ಕೋಣೆಯೂ ಒಂದೊಂದು ವರ್ಚುವಲ್ ಯಂತ್ರ. ತಾನು ಬೇರೆಯೊಂದರ ಒಳಗಿದ್ದೇನೆ ಎಂಬ ಗೊಡವೆಯೇ ಇಲ್ಲದೆ ಅದು ಕೆಲಸ ಮಾಡುತ್ತದೆ.

ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಯಂತ್ರಗಳನ್ನು ಮಾಡಿ. ತುಂಗಾ, ಭದ್ರಾ, ವರದಾ ಎಂದು ಹೆಸರಿಡೋಣ. ಒಂದರ ಮಾತು ಇನ್ನೊಂದಕ್ಕೆ ಕೇಳುವಂತೆ ನೆಟ್‌ವರ್ಕ್ ಜೋಡಿಸಿ. ಆಮೇಲೆ ಇನ್ನೊಂದು ಡಿಸ್ಕು ಮಾಡಿ. ಅದರ ಗಾತ್ರ ಬೆಳೆಯುತ್ತಾ ಹೋಗುವಂತೆ ಇರಬಾರದು, ಮೊದಲೇ ಇಷ್ಟು ಎಂದು ಗೊತ್ತುಮಾಡಿರಬೇಕು. ಇಲ್ಲದಿದ್ದರೆ ಹಂಚಿಕೊಳ್ಳಲು ವರ್ಚುವಲ್‌ಬಾಕ್ಸ್ ಒಪ್ಪುವುದಿಲ್ಲ. ‘ಶೇರಬಲ್’ ಎಂದು ಗುರುತು ಹಾಕಿ ಮೂರಕ್ಕೂ ಅದನ್ನೇ ಸಿಕ್ಕಿಸಿ. ಮೂರು ತರಗತಿಯ ಮೇಷ್ಟರಿಗೂ ಒಂದೇ ಹಾಜರಿ ಪುಸ್ತಕ ಸಿಕ್ಕಿತು!

ಈಗ ಒಂದು ತಮಾಷೆ. ಆ ಡಿಸ್ಕಿಗೆ ಒಂಟಿ ಕಂಪ್ಯೂಟರುಗಳು ಬಳಸುವ ಮಾಮೂಲಿ ಕಡತ ವ್ಯವಸ್ಥೆಯನ್ನೇ (ಯಾವ ಕಡತ ಎಲ್ಲಿದೆ ಎಂದು ಲೆಕ್ಕ ಇಡುವ ಏರ್ಪಾಟು) ಹಾಕಿ, ತುಂಗಾ ಮತ್ತು ಭದ್ರಾ ಎರಡರಲ್ಲೂ ತೆರೆದಿಡಿ. ತುಂಗಾದಲ್ಲಿ ‘ಮಾವು’ ಎಂಬ ಕಡತ ಬರೆದು ಭದ್ರಾದಲ್ಲಿ ಹುಡುಕಿ. ಕಾಣಿಸುವುದೇ ಇಲ್ಲ! ಡಿಸ್ಕು ಒಂದೇ ತಾನೇ, ಹಾಗಾದರೆ ಮಾವು ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಡಿಸ್ಕಿಗೆ ಪದೇ ಪದೇ ಹೋಗಿಬರುವುದು ನಿಧಾನವೆಂದು ಭದ್ರಾ ಒಮ್ಮೆ ಓದಿದ್ದನ್ನು ತನ್ನ ನೆನಪಿನಲ್ಲಿಟ್ಟುಕೊಂಡಿದೆ, ಅದನ್ನೇ ನೋಡಿ ಹೇಳುತ್ತಿದೆ. ಹಾಜರಿ ಪುಸ್ತಕದ 40ನೇ ಪುಟ ಖಾಲಿ ಎಂದು ಇಬ್ಬರು ಮೇಷ್ಟರೂ ಬೆಳಿಗ್ಗೆಯೇ ಚೀಟಿ ಬರೆದಿಟ್ಟುಕೊಂಡಿದ್ದಾರೆ ಅನ್ನಿ. ಒಬ್ಬರು ಅಲ್ಲಿ ಬರೆದು ಹೋದರು. ಇನ್ನೊಬ್ಬರು ತಮ್ಮ ಚೀಟಿ ನಂಬಿ ಅದರ ಮೇಲೆಯೇ ಬರೆದರು. ಪುಟ ಕೆಟ್ಟಿತು. ಡಿಸ್ಕಿನಲ್ಲೂ ಆಗುವುದು ಇದೇ.

ಅದಕ್ಕಾಗಿ ಜಿಎಫ್‌ಎಸ್2, ಒಸಿಎಫ್‌ಎಸ್2 ಎಂಬ ಬೇರೆಯೇ ಕಡತ ವ್ಯವಸ್ಥೆಗಳಿವೆ. ಇವುಗಳಲ್ಲಿ ಬರೆಯುವ ಮುಂಚೆ ಉಳಿದವಕ್ಕೆ ಹೇಳಿ ಬೀಗ ಹಾಕಿಕೊಳ್ಳಬೇಕು, ಬರೆದಾದ ಮೇಲೆ ಬೀಗ ಬಿಡಬೇಕು. ಬೇರೆಯವರು ಬೀಗ ಹಾಕಿದ್ದಾರೆಂದರೆ ನಿಮ್ಮ ಹಳೆಯ ಚೀಟಿ ಹರಿದು, ಪುಟವನ್ನು ಹೊಸದಾಗಿ ಓದಬೇಕು.

ಬೀಗ ಹಿಡಿದವರೇ ಮಾತು ನಿಲ್ಲಿಸಿಬಿಟ್ಟರೆ? ನನಗೆ ಇಡೀ ಕ್ಲಸ್ಟರಿನಲ್ಲಿ ತುಂಬ ಇಷ್ಟವಾದ ಜಾಗ ಇದು. ಮೂರೂ ಯಂತ್ರಗಳು ಬಿಡದೆ ‘ಇದ್ದೇನೆ, ಇದ್ದೇನೆ’ ಎಂದು ಒಂದಕ್ಕೊಂದು ಹೇಳುತ್ತಲೇ ಇರುತ್ತವೆ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ವರ್ಚುವಲ್‌ಬಾಕ್ಸಿನಲ್ಲಿ ಭದ್ರಾದ ನೆಟ್‌ವರ್ಕ್ ಪುಟ ತೆರೆದು ‘ಕೇಬಲ್ ಕನೆಕ್ಟೆಡ್’ ಎಂಬಲ್ಲಿರುವ ಗುರುತು ತೆಗೆಯಿರಿ. ತಂತಿ ಕಿತ್ತ ಹಾಗಾಯಿತು. ತುಂಗಾ, ವರದಾಗಳಿಗೆ ಭದ್ರಾ ಸತ್ತಿದೆ ಅನಿಸುತ್ತದೆ. ಭದ್ರಾಕ್ಕೋ, ಉಳಿದೆರಡೂ ಸತ್ತಿವೆ ಅನಿಸುತ್ತದೆ. ಸತ್ತವರು ಯಾರೂ ಇಲ್ಲ! ಡಿಸ್ಕು ಮಾತ್ರ ಮೂರಕ್ಕೂ ಇನ್ನೂ ಎಟುಕುತ್ತಲೇ ಇದೆ. ನಿಜವಾಗಿ ಕೆಟ್ಟ ಯಂತ್ರಕ್ಕಿಂತ, ಬದುಕಿದ್ದೂ ಮಾತು ಕೇಳಿಸದ ಯಂತ್ರ ಹೆಚ್ಚು ಅಪಾಯ.

ಹಾಗಾಗಿ ತಲೆ ಎಣಿಸುವ ನಿಯಮ ಇದೆ. ‘ನನಗೆ ಕೇಳಿಸುತ್ತಿರುವವರು, ನಾನೂ ಸೇರಿ, ಅರ್ಧಕ್ಕಿಂತ ಹೆಚ್ಚಿದ್ದೇವೆಯೇ?’ ತುಂಗಾ ಎಣಿಸಿದರೆ ಮೂರರಲ್ಲಿ ಎರಡು, ಅಂದರೆ ಬಹುಮತ. ಭದ್ರಾ ಎಣಿಸಿದರೆ ಒಂದೇ ಒಂದು, ಹಾಗಾಗಿ ಅದು ಕೈಕಟ್ಟಿ ನಿಲ್ಲಬೇಕು.

ಅದು ನಿಜವಾಗಿಯೂ ನಿಂತಿತೆಂದು ನಂಬುವುದು ಹೇಗೆ? ಅರ್ಧ ಬರೆದ ಸಾಲೊಂದು ಅದರ ಕೈಯಲ್ಲೇ ಇರಬಹುದು. ಅದಕ್ಕೆ ತುಂಗಾ, ವರದಾಗಳು ಮೊದಲು ಭದ್ರಾದ ಕರೆಂಟು ತೆಗೆಸುತ್ತವೆ, ಆಮೇಲೆಯೇ ಡಿಸ್ಕು ಮುಟ್ಟುತ್ತವೆ. ಇದಕ್ಕೆ ಫೆನ್ಸಿಂಗ್ ಎಂದು ಹೆಸರು. ಕ್ರೂರ ಅನಿಸಿತೇ? ನನಗಂತೂ ಇದೇ ಸರಿ ಅನಿಸುತ್ತದೆ. ಆರಿಸಿದ ಯಂತ್ರವನ್ನು ಮತ್ತೆ ಹಚ್ಚಿಕೊಳ್ಳಬಹುದು, ಕೆಟ್ಟುಹೋದ ಅಂಕಪಟ್ಟಿಯನ್ನು ಹಾಗೆ ತರಲಾಗದು.

ನಮ್ಮ ಆಟದ ಕ್ಲಸ್ಟರಿನಲ್ಲಿ ಕೊರತೆಯೂ ಇದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಕರೆಂಟು ಹೋದರೆ ಮೂರೂ ಒಟ್ಟಿಗೇ ಮಲಗುತ್ತವೆ. ನಿಜವಾದ ಕೆಲಸಕ್ಕೆ ಅವನ್ನು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಇಡಬೇಕು, ಡಿಸ್ಕಿನದ್ದೂ ಪ್ರತಿ ಇರಬೇಕು. ಕಲಿಯಲು ಮಾತ್ರ ಇಷ್ಟು ಸಾಕು, ಎಷ್ಟು ಸಲ ಕೆಡಿಸಿದರೂ ಖರ್ಚಿಲ್ಲ.

ಇನ್ನು ನಿಮಗೊಂದು ಲೆಕ್ಕ. ಮೂರರ ಜೊತೆ ‘ಕುಮುದ್ವತಿ’ ಎಂದು ನಾಲ್ಕನೆಯದನ್ನೂ ಸೇರಿಸಿದಿರಿ ಅನ್ನಿ. ತಂತಿ ನಟ್ಟನಡುವೆ ಕಡಿದು ಎರಡು ಈ ಕಡೆ, ಎರಡು ಆ ಕಡೆ ಉಳಿದವು. ಈಗ ಡಿಸ್ಕು ಮುಟ್ಟುವವರು ಯಾರು? ಕಾಗದದ ಮೇಲೆ ನಾಲ್ಕು ಚುಕ್ಕಿ ಇಟ್ಟು ತಲೆ ಎಣಿಸಿ ನೋಡಿ.